ಸರದಿ ಸಾಲಿನ ಲೆಕ್ಕ ಕೊಟ್ಟ ಮೇಷ್ಟ್ರು

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿದ್ದ ಕೇಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಜಾನ್ ಲಿಟಲ್ ಎಂಬ ತರುಣ ಪ್ರಾಧ್ಯಾಪಕರೊಬ್ಬರು ಸರದಿ ಸಾಲಿನ ಗಣಿತ ಕಲಿಸುತ್ತಿದ್ದರು. ಒಂದು ದಿನ ಅವರು ಬೋರ್ಡಿನ ಮೇಲೆ ಬರೆದ ಸಮೀಕರಣದಲ್ಲಿ ಇದ್ದದ್ದು ಮೂರೇ ಅಕ್ಷರ. ಆ ಕಾಲದ ತಜ್ಞರು ಅದನ್ನು ನಿಜವೆಂದು ನಂಬಿದ್ದರು, ಬಳಸುತ್ತಲೂ ಇದ್ದರು. ಆದರೆ ಎಲ್ಲ ಬಗೆಯ ಸಾಲಿಗೂ ಅದು ಹೊಂದುತ್ತದೆಂದು ಯಾರೂ ಸಾಧಿಸಿ ತೋರಿಸಿರಲಿಲ್ಲ. ಪಾಠ ಮುಗಿದ ಮೇಲೆ ಸಿಡ್ ಹೆಸ್ ಎಂಬ ವಿದ್ಯಾರ್ಥಿ, ಇದನ್ನು ಸಾಧಿಸುವುದು ಎಷ್ಟು ಕಷ್ಟ ಎಂದು ಕೇಳಿದ. ಅಷ್ಟೇನೂ ಕಷ್ಟವಾಗಲಿಕ್ಕಿಲ್ಲ ಎಂದರು ಲಿಟಲ್. ಹಾಗಿದ್ದರೆ ನೀವೇ ಮಾಡಿಬಿಡಿ ಎಂದ ಹುಡುಗ. ಮೇಷ್ಟ್ರು ಆ ಮಾತನ್ನು ನಕ್ಕು ತಳ್ಳಿಹಾಕಲಿಲ್ಲ. ಬೇಸಗೆ ರಜೆಗೆಂದು ನಾಂಟಕೆಟ್ ದ್ವೀಪಕ್ಕೆ ಹೋದವರು ಪುಸ್ತಕಗಳನ್ನೂ ಜೊತೆಗೆ ಒಯ್ದು ಅಲ್ಲೇ ಆ ಕೆಲಸಕ್ಕೆ ಕೂತರು. 1961ರಲ್ಲಿ ‘ಆಪರೇಷನ್ಸ್ ರಿಸರ್ಚ್’ ಎಂಬ ವಿದ್ವತ್ ಪತ್ರಿಕೆಯಲ್ಲಿ ಅವರ ಸಾಧನೆ ಅಚ್ಚಾಯಿತು. ಅಂದಿನಿಂದ ಆ ಸಮೀಕರಣಕ್ಕೆ ಲಿಟಲ್ ನಿಯಮ ಎಂದೇ ಹೆಸರು.

ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ, ಅಂದರೆ ಎಂಐಟಿಯಲ್ಲಿ, ದಶಕಗಳ ಕಾಲ ಪಾಠ ಹೇಳಿದ ಲಿಟಲ್ 2024ರ ಸೆಪ್ಟೆಂಬರ್ 27ರಂದು ತಮ್ಮ 96ನೇ ವಯಸ್ಸಿನಲ್ಲಿ ತೀರಿಕೊಂಡರು. ಕಾರ್ಯಾಚರಣೆ ನಿರ್ವಹಣೆ ಓದುವ ಎಂಬಿಎ ವಿದ್ಯಾರ್ಥಿಗಳಿಗೆ, ಕಾರ್ಖಾನೆಯ ಇಂಜಿನಿಯರುಗಳಿಗೆ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಪ್ರಾಜೆಕ್ಟ್ ಮ್ಯಾನೇಜರುಗಳಿಗೆ ಅವರ ಹೆಸರು ಗೊತ್ತು. ಅವರ ಲೆಕ್ಕ ಯಾರಿಗೆ ಹೆಚ್ಚು ಉಪಯೋಗಕ್ಕೆ ಬರಬೇಕಿತ್ತೋ ಅವರಿಗೆ, ಅಂದರೆ ಆಸ್ಪತ್ರೆಯ ಒಪಿಡಿ ಮುಂದೆ, ನಾಡಕಚೇರಿಯ ಕಿಟಕಿಯ ಮುಂದೆ, ಕೋರ್ಟಿನ ಹಜಾರದಲ್ಲಿ ನಿಂತ ಜನಕ್ಕೆ ಮಾತ್ರ ಅದು ಇನ್ನೂ ತಲುಪಿಲ್ಲ. ತಲುಪಿಸಬೇಕು. ಕಾಯುವ ಹೊತ್ತನ್ನು ಅಳೆಯಲು ಬರುತ್ತದೆ, ಅದೂ ಹೆಚ್ಚು ಖರ್ಚಿಲ್ಲದೆ. ಹಾಗೆ ಅಳೆದು ಜನರ ಮುಂದಿಡುವುದನ್ನು ಸಾರ್ವಜನಿಕ ಕಚೇರಿಗಳು ತಮ್ಮ ಕರ್ತವ್ಯವೆಂದು ತಿಳಿಯಬೇಕು.

ನಿಯಮ ಹೇಳುವುದು ಇಷ್ಟು. ಯಾವುದೇ ಜಾಗದಲ್ಲಿ ಸರಾಸರಿ ಎಷ್ಟು ಜನ ಇರುತ್ತಾರೆಂದು ತಿಳಿಯಬೇಕಾದರೆ, ಒಂದು ಗಂಟೆಗೆ ಎಷ್ಟು ಜನ ಬರುತ್ತಾರೆ ಎಂಬುದನ್ನು ಒಬ್ಬೊಬ್ಬರು ಅಲ್ಲಿ ಸರಾಸರಿ ಎಷ್ಟು ಗಂಟೆ ಇರುತ್ತಾರೆ ಎಂಬುದರಿಂದ ಗುಣಿಸಬೇಕು. ಮೂರರಲ್ಲಿ ಎರಡು ಗೊತ್ತಿದ್ದರೆ ಮೂರನೆಯದು ತಾನಾಗಿ ಸಿಗುತ್ತದೆ. ಲಿಟಲ್ ಮತ್ತು ಅವರ ಸಹೋದ್ಯೋಗಿ ಸ್ಟೀಫನ್ ಗ್ರೇವ್ಸ್ ಇದನ್ನು ವಿವರಿಸಲು ಹೆರಿಗೆ ವಾರ್ಡಿನ ಉದಾಹರಣೆಯೊಂದನ್ನು ಕೊಡುತ್ತಾರೆ. ದಿನಕ್ಕೆ 5 ಹೆರಿಗೆ ಆಗುವ ಆಸ್ಪತ್ರೆ. ನೂರಕ್ಕೆ 90 ಬಾಣಂತಿಯರು 2 ದಿನ ಇದ್ದು ಮನೆಗೆ ಹೋಗುತ್ತಾರೆ; ತೊಡಕಾದ ಉಳಿದ 10 ಮಂದಿ 7 ದಿನ ಇರಬೇಕಾಗುತ್ತದೆ. ಸರಾಸರಿ ತೆಗೆದರೆ ಎರಡೂವರೆ ದಿನ. ಐದನ್ನು ಎರಡೂವರೆಯಿಂದ ಗುಣಿಸಿದರೆ ಹನ್ನೆರಡೂವರೆ. ಆ ವಾರ್ಡಿನಲ್ಲಿ ಸರಾಸರಿ ಹನ್ನೆರಡು ಹದಿಮೂರು ಬಾಣಂತಿಯರು ಇರುತ್ತಾರೆ. ಒಂದು ರಿಜಿಸ್ಟರನ್ನೂ ತಿರುವಿ ಹಾಕದೆ ಇದು ಗೊತ್ತಾಯಿತು.

ಇಷ್ಟು ಸುಲಭದ ಗುಣಾಕಾರಕ್ಕೆ ಸಾಧನೆ ಯಾಕೆ ಬೇಕಾಯಿತು? ಸಾಲುಗಳ ಸ್ವಭಾವವೇ ಅದಕ್ಕೆ ಕಾರಣ. ಕೆಲವೆಡೆ ಜನ ಒಬ್ಬೊಬ್ಬರಾಗಿ ಬರುತ್ತಾರೆ, ಕೆಲವೆಡೆ ಬಸ್ಸಿಳಿದು ಗುಂಪಾಗಿ ನುಗ್ಗುತ್ತಾರೆ. ಒಬ್ಬರ ಕೆಲಸ ಎರಡು ನಿಮಿಷದಲ್ಲಿ ಮುಗಿದರೆ ಇನ್ನೊಬ್ಬರದು ಅರ್ಧ ಗಂಟೆ ಎಳೆಯುತ್ತದೆ. ಕೌಂಟರು ಒಂದಿರಬಹುದು, ಹತ್ತಿರಬಹುದು. ಡೆನ್ಮಾರ್ಕಿನ ಎ. ಕೆ. ಎರ್ಲಾಂಗ್ ಕೋಪನ್‌ಹೇಗನ್ನಿನ ದೂರವಾಣಿ ಕರೆಗಳ ಬಗ್ಗೆ 1909ರಲ್ಲಿ ಬರೆದ ಪ್ರಬಂಧದಿಂದ ಶುರುವಾದ ಈ ಶಾಸ್ತ್ರದಲ್ಲಿ ಒಂದೊಂದು ಬಗೆಯ ಸಾಲಿಗೆ ಒಂದೊಂದು ಸೂತ್ರವಿತ್ತು. ಎಂಐಟಿಯ ಭೌತವಿಜ್ಞಾನಿ ಫಿಲಿಪ್ ಮೋರ್ಸ್ 1958ರ ತಮ್ಮ ಪುಸ್ತಕದಲ್ಲಿ, ತಾವು ನೋಡಿದ ಎಲ್ಲ ಸಾಲುಗಳಲ್ಲೂ ಈ ಒಂದು ಸಂಬಂಧ ನಿಂತಿದೆ ಎಂದು ಗುರುತಿಸಿ, ಇದು ಸುಳ್ಳಾಗುವ ಸಾಲೊಂದನ್ನು ಹುಡುಕಿ ತೋರಿಸಿ ಎಂದು ಓದುಗರಿಗೆ ಸವಾಲು ಹಾಕಿದ್ದರು. ಸವಾಲು ಗೆಲ್ಲಲು ಆಗುವುದಿಲ್ಲ ಎಂದು ತೋರಿಸಿದವರು ಅವರದೇ ಶಿಷ್ಯ ಲಿಟಲ್. ಜನ ಹೇಗೇ ಬರಲಿ, ಸೇವೆ ಹೇಗೇ ನಡೆಯಲಿ, ಯಾರನ್ನು ಮೊದಲು ಕರೆಯಲಿ, ದೀರ್ಘಕಾಲದ ಸರಾಸರಿಗಳು ಸ್ಥಿರವಾಗಿದ್ದರೆ ಸಾಕು, ಸಮೀಕರಣ ನಿಲ್ಲುತ್ತದೆ. 1974ರಲ್ಲಿ ಶೇಲರ್ ಸ್ಟಿಡಮ್ ಇನ್ನೂ ಸರಳವಾದ ಸಾಧನೆ ಕೊಟ್ಟರು.

ಲಿಟಲ್ ಹುಟ್ಟಿದ್ದು ಬಾಸ್ಟನ್ನಿನಲ್ಲಿ, 1928ರ ಫೆಬ್ರುವರಿ 1ರಂದು. 1948ರಲ್ಲಿ ಎಂಐಟಿಯಿಂದ ಭೌತವಿಜ್ಞಾನದ ಪದವಿ ಪಡೆದು, ಕೆಲಕಾಲ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ದುಡಿದು, ಭೌತವಿಜ್ಞಾನದಲ್ಲೇ ಮುಂದೆ ಓದಲು ಎಂಐಟಿಗೆ ಮರಳಿದರು. ಅಲ್ಲಿ ಸಿಕ್ಕವರು ಮೋರ್ಸ್. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಜಲಾಂತರ್ಗಾಮಿಗಳನ್ನು ಹುಡುಕುವ ಲೆಕ್ಕಾಚಾರಕ್ಕೆ ಅಮೆರಿಕದ ನೌಕಾಪಡೆ ಕಟ್ಟಿದ ವಿಜ್ಞಾನಿಗಳ ತಂಡದ ಮುಖ್ಯಸ್ಥರಾಗಿದ್ದವರು ಅವರು. ಯುದ್ಧ ಮುಗಿದ ಮೇಲೆ ಅದೇ ಬಗೆಯ ಲೆಕ್ಕವನ್ನು ಕಾರ್ಖಾನೆ, ಆಸ್ಪತ್ರೆ, ರಸ್ತೆ, ಅಣೆಕಟ್ಟೆಗಳಿಗೆ ಬಳಸಬಹುದೆಂದು ಮೋರ್ಸ್ ನಂಬಿದ್ದರು. ಆ ನಂಬಿಕೆಗೆ ಆಪರೇಷನ್ಸ್ ರಿಸರ್ಚ್ ಎಂಬ ಹೆಸರಿತ್ತು, ಇನ್ನೂ ಅದು ಒಂದು ವಿಭಾಗವಾಗಿ ಬೆಳೆದಿರಲಿಲ್ಲ. ಈ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೊದಲಿಗರೆಂದು ಲಿಟಲ್ ಅವರನ್ನೇ ಗುರುತಿಸುತ್ತಾರೆ.

1955ರ ಆ ಡಾಕ್ಟರೇಟ್ ಪ್ರಬಂಧದ ವಸ್ತು ಜಲವಿದ್ಯುತ್. ಕೊಲಂಬಿಯಾ ನದಿಯ ಗ್ರ್ಯಾಂಡ್ ಕೂಲಿ ಅಣೆಕಟ್ಟೆಯ ನೀರನ್ನು ಇವತ್ತು ಎಷ್ಟು ಬಿಡಬೇಕು, ನಾಳೆಗೆ ಎಷ್ಟು ಉಳಿಸಬೇಕು ಎಂಬ ಪ್ರಶ್ನೆಯನ್ನು ಅವರು ಎತ್ತಿಕೊಂಡರು. ಮುಂದಿನ ತಿಂಗಳು ಎಷ್ಟು ನೀರು ಹರಿದುಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಇವತ್ತೇ ಟರ್ಬೈನಿಗೆ ಹರಿಸಿದರೆ ನಾಳೆ ಬರಗಾಲ ಬಂದೀತು. ಉಳಿಸಿಟ್ಟರೆ ನಾಳೆ ಪ್ರವಾಹ ಬಂದು ನೀರೆಲ್ಲ ಕೋಡಿ ಹರಿದು ಪೋಲಾದೀತು. ಲಿಂಗನಮಕ್ಕಿಯ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ದಿನಾ ನೋಡುವ ಕನ್ನಡಿಗರಿಗೆ ಈ ಸಂಕಟ ಹೊಸದಲ್ಲ. ಎಂಐಟಿಯಲ್ಲಿದ್ದ ವರ್ಲ್‌ವಿಂಡ್ ಎಂಬ ಆರಂಭಿಕ ಕಂಪ್ಯೂಟರಿನ ಮೇಲೆ ಲಿಟಲ್ ಆ ಲೆಕ್ಕ ನಡೆಸಿದರು. ಭವಿಷ್ಯ ಗೊತ್ತಿಲ್ಲದಾಗಲೂ ಇವತ್ತಿನ ನಿರ್ಧಾರವನ್ನು ವಿಚಾರಪೂರ್ವಕವಾಗಿ ತೆಗೆದುಕೊಳ್ಳಬಹುದು ಎಂಬುದು ಅವರ ಬದುಕಿನುದ್ದಕ್ಕೂ ಹರಿದ ವಿಚಾರ.

ಕ್ಲೀವ್‌ಲ್ಯಾಂಡಿನಲ್ಲಿ ಇದ್ದಾಗಲೇ ಅವರ ಗಮನ ಇನ್ನೊಂದು ಪ್ರಸಿದ್ಧ ಒಗಟಿನ ಕಡೆ ತಿರುಗಿತು. ಊರೂರು ಅಲೆಯುವ ಮಾರಾಟಗಾರನೊಬ್ಬ ಎಲ್ಲ ಊರುಗಳಿಗೂ ಒಂದೊಂದೇ ಸಲ ಹೋಗಿ, ಅತಿ ಕಡಿಮೆ ದೂರ ಸುತ್ತಿ ಮನೆಗೆ ಮರಳಬೇಕು. ದಾರಿ ಯಾವುದು? ಊರುಗಳು ಹತ್ತು ಇಪ್ಪತ್ತಾಗುವಷ್ಟರಲ್ಲಿ ಸಾಧ್ಯವಿರುವ ದಾರಿಗಳ ಸಂಖ್ಯೆ ಎಣಿಕೆಗೆ ಸಿಗದಷ್ಟು ಬೆಳೆಯುತ್ತದೆ. 1963ರಲ್ಲಿ ಲಿಟಲ್ ಮತ್ತು ಮೂವರು ಜೊತೆಗಾರರು ಪ್ರಕಟಿಸಿದ ವಿಧಾನ, ಕೆಲಸಕ್ಕೆ ಬಾರದ ದಾರಿಗಳನ್ನು ಗುಂಪುಗುಂಪಾಗಿ ಕೈಬಿಡುತ್ತ ಉಳಿದವುಗಳಲ್ಲಿ ಹುಡುಕುವಂಥದು. ಅದರ ನೆರವಿನಿಂದ ಅಂದಿನ ಕಂಪ್ಯೂಟರಿನಲ್ಲಿ 40 ಊರುಗಳವರೆಗಿನ ಲೆಕ್ಕ ಬಿಡಿಸಿದರು. ಬ್ರಾಂಚ್ ಅಂಡ್ ಬೌಂಡ್ ಎಂಬ ಹೆಸರಿನಲ್ಲಿ ಆ ವಿಧಾನ ಇಂದಿಗೂ ಪಠ್ಯದಲ್ಲಿದೆ, ಸಾಫ್ಟ್‌ವೇರಿನಲ್ಲಿದೆ. ಆ ಮೂವರಲ್ಲಿ ಒಬ್ಬರು ಭಾರತದಿಂದ ಹೋಗಿದ್ದ ಕಟ್ಟ ಜಿ. ಮೂರ್ತಿ. ಅವರು ಮುಂದೆ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಹೆಸರು ಮಾಡಿದರು.

1962ರಲ್ಲಿ ಎಂಐಟಿಗೆ ಮರಳಿದ ಮೇಲೆ ಟ್ರಾಫಿಕ್ ಸಿಗ್ನಲ್ಲುಗಳ ಸರದಿ. ಒಂದು ಸಿಗ್ನಲ್ ಹಸಿರಾಯಿತೆಂದು ಹೊರಟರೆ ಮುಂದಿನದು ಕೆಂಪು, ಅದು ಹಸಿರಾಗಿ ಹೊರಟರೆ ಅದರಾಚೆಯದು ಕೆಂಪು. ಉದ್ದನೆಯ ರಸ್ತೆಯ ಸಿಗ್ನಲ್ಲುಗಳ ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸಿ, ಎರಡೂ ದಿಕ್ಕಿನ ವಾಹನಗಳಿಗೆ ನಿಲ್ಲದೆ ಸಾಗುವ ಅವಕಾಶ ಅತಿ ಹೆಚ್ಚಾಗುವಂತೆ ಮಾಡಲು ಬರುತ್ತದೆಯೇ ಎಂದು ಅವರು 1964ರಿಂದಲೇ ಪ್ರಬಂಧಗಳನ್ನು ಬರೆದರು. 1981ರಲ್ಲಿ ಅದು ಮ್ಯಾಕ್ಸ್‌ಬ್ಯಾಂಡ್ ಎಂಬ ಕಂಪ್ಯೂಟರ್ ಪ್ರೋಗ್ರಾಮಿನ ರೂಪ ತಾಳಿತು.

ಆಮೇಲೆ ಅವರು ಹಿಡಿದ ದಾರಿ ಅನೇಕರಿಗೆ ಅಚ್ಚರಿ ತಂದಿರಬೇಕು. ಸರದಿ ಸಾಲಿನ ಗಣಿತದಲ್ಲಿ ಹೆಸರು ಅಜರಾಮರವಾದ ಮೇಲೆ ಲಿಟಲ್ ಆ ಕ್ಷೇತ್ರದಲ್ಲಿ ಬೀಡುಬಿಡಲಿಲ್ಲ. ಮಾರುಕಟ್ಟೆಯ ಕಡೆ ನಡೆದರು. ಜಾಹೀರಾತಿಗೆ ಎಷ್ಟು ಹಣ ಹಾಕಬೇಕು, ರಿಯಾಯಿತಿ ಕೊಟ್ಟರೆ ಮಾರಾಟ ಎಷ್ಟು ಏರುತ್ತದೆ ಎಂಬಂಥ, ಅಂದಿನವರೆಗೆ ಅನುಭವಸ್ಥರ ಅಂದಾಜಿಗೆ ಬಿಟ್ಟಿದ್ದ ಪ್ರಶ್ನೆಗಳಿಗೆ ಲೆಕ್ಕದ ಉತ್ತರ ಹುಡುಕಿದರು. 1983ರಲ್ಲಿ ಪೀಟರ್ ಗ್ವಾಡಾನಿ ಜೊತೆ ಬರೆದ ಪ್ರಬಂಧಕ್ಕೆ ಅವರು ಆರಿಸಿಕೊಂಡದ್ದು ಕಾಫಿ. ಸೂಪರ್ ಮಾರ್ಕೆಟ್ಟುಗಳಲ್ಲಿ ಬಾರ್‌ಕೋಡ್ ಓದುವ ಯಂತ್ರಗಳು ಆಗಷ್ಟೇ ಬಂದಿದ್ದವು. ಕಾನ್ಸಾಸ್ ಸಿಟಿಯ 100 ಮನೆಗಳವರು ಯಾವ ವಾರ ಯಾವ ಕಾಫಿಪುಡಿ ಕೊಂಡರು ಎಂಬ ದಾಖಲೆಯಿಂದ, ಬೆಲೆ, ರಿಯಾಯಿತಿ ಮತ್ತು ಹಳೆಯ ರೂಢಿ ಇವು ಕೊಳ್ಳುವವರ ಆಯ್ಕೆಯನ್ನು ಹೇಗೆ ತಿದ್ದುತ್ತವೆ ಎಂದು ತೋರಿಸಿದರು. ಇಂದಿನ ಇ-ವಾಣಿಜ್ಯ ಕಂಪನಿಗಳು ಗ್ರಾಹಕರ ಒಂದೊಂದು ಖರೀದಿಯನ್ನೂ ಗಮನಿಸುವ ವಿದ್ಯೆಗೆ ಇಂಥ ಪ್ರಬಂಧಗಳು ತಳಪಾಯ ಹಾಕಿದವು.

ಈ ಎಲ್ಲ ಬರಹಗಳ ನಡುವೆ 1970ರ ಒಂದು ಪ್ರಬಂಧ ಬೇರೆಯೇ ತೂಕದ್ದು. ನಿರ್ವಹಣಾ ವಿಜ್ಞಾನದವರು ಕಟ್ಟುವ ಮಾದರಿಗಳನ್ನು ನಿರ್ವಾಹಕರು ಬಳಸುವುದೇ ಇಲ್ಲವಲ್ಲ ಎಂಬ ನೇರ ದೂರಿನಿಂದ ಅದು ಶುರುವಾಗುತ್ತದೆ. ತಪ್ಪನ್ನು ಲಿಟಲ್ ಬಳಸದವರ ತಲೆಗೆ ಕಟ್ಟಲಿಲ್ಲ. ಮಾದರಿ ಸರಳವಾಗಿರಬೇಕು; ಯಾವುದೋ ಅಂಕಿ ಕೊಟ್ಟರೆ ಹುಚ್ಚು ಉತ್ತರ ಕೊಡಬಾರದು; ಬಳಸುವವರ ಹಿಡಿತದಲ್ಲಿರಬೇಕು; ಹೊಸ ಮಾಹಿತಿ ಬಂದಂತೆ ತಿದ್ದಿಕೊಳ್ಳಲು ಬರಬೇಕು; ಮುಖ್ಯ ಸಂಗತಿಯನ್ನು ಬಿಟ್ಟಿರಬಾರದು; ಮಾತುಕತೆ ನಡೆಸಿದಷ್ಟು ಸಲೀಸಾಗಿ ಅದರ ಜೊತೆ ಕೆಲಸ ಮಾಡಲು ಆಗಬೇಕು. ಹೀಗೆ ಆರು ಗುಣಗಳನ್ನು ಪಟ್ಟಿ ಮಾಡಿ, ಹೊಣೆಯನ್ನು ವಿದ್ವಾಂಸರ ಮೇಲೆಯೇ ಹೊರಿಸಿದರು. ಗೌರವಗಳು ಆಮೇಲೆ ಸಾಲಾಗಿ ಬಂದವು. 1989ರಲ್ಲಿ ಎಂಐಟಿಯ ಅತ್ಯುನ್ನತ ಪದವಿಯಾದ ಇನ್‌ಸ್ಟಿಟ್ಯೂಟ್ ಪ್ರೊಫೆಸರ್ ಆದರು. 1995ರಲ್ಲಿ ಈ ಕ್ಷೇತ್ರದ ಎರಡು ದೊಡ್ಡ ಸಂಘಗಳು ಸೇರಿ ಇನ್‌ಫಾರ್ಮ್ಸ್ ಆದಾಗ ಅದರ ಮೊದಲ ಅಧ್ಯಕ್ಷರಾದರು.

ಲಿಟಲ್ ಹೇಳಿದ ಆರು ಗುಣಗಳಿಗೆ ಅವರದೇ ಮೂರಕ್ಷರದ ಸಮೀಕರಣಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಕಾರ್ಖಾನೆಗಳು ಅದನ್ನು ಎಂದೋ ಮೈಗೂಡಿಸಿಕೊಂಡವು. ಬಿಡದಿಯ ಟೊಯೊಟಾ ಸೇರಿದಂತೆ ಕಾನ್‌ಬಾನ್ ಪದ್ಧತಿ ಅನುಸರಿಸುವ ಕಾರ್ಖಾನೆಗಳು ಅರ್ಧ ಆದ ಕೆಲಸ ಗುಡ್ಡೆ ಬೀಳದಂತೆ ನೋಡಿಕೊಳ್ಳುವುದರ ಹಿಂದೆ ಇದೇ ತರ್ಕವಿದೆ: ದಿನಕ್ಕೆ ಹೊರಬೀಳುವ ಸಂಖ್ಯೆ ಅಷ್ಟೇ ಇದ್ದು, ಒಳಗೆ ಬಾಕಿ ಕೆಲಸ ಇಮ್ಮಡಿಯಾದರೆ, ಪ್ರತಿಯೊಂದೂ ಮುಗಿಯಲು ಇಮ್ಮಡಿ ಹೊತ್ತು ಬೇಕು. ಬೆಂಗಳೂರಿನ ಸಾಫ್ಟ್‌ವೇರ್ ತಂಡಗಳು ಬಿಳಿ ಹಲಗೆಯ ಮೇಲೆ ಬಣ್ಣದ ಚೀಟಿ ಅಂಟಿಸಿ, ಒಂದು ಸಲಕ್ಕೆ ಇಷ್ಟೇ ಕೆಲಸ ಎಂದು ಮಿತಿ ಹಾಕಿಕೊಳ್ಳುವುದೂ ಇದೇ ಕಾರಣಕ್ಕೆ. ಕಂಪನಿಗಳಿಗೆ ಇದು ಹಣದ ಪ್ರಶ್ನೆ, ಆದ್ದರಿಂದ ಕಲಿತವು. ಕಚೇರಿಯ ಮುಂದೆ ನಿಂತ ರೈತನ ಹೊತ್ತು ಯಾರ ಲೆಕ್ಕಪುಸ್ತಕಕ್ಕೂ ಬರುವುದಿಲ್ಲ. ಒಂದು ಪಹಣಿ ತಿದ್ದುಪಡಿಗೆ ಮೂರು ಸಲ ಬಂದುಹೋದವನು ಕಳೆದುಕೊಂಡ ಕೂಲಿ ಯಾವ ಇಲಾಖೆಯ ಖರ್ಚಿನ ಬಾಬ್ತಿನಲ್ಲೂ ಇಲ್ಲ.

ಅಳೆಯುವುದು ಎಷ್ಟು ಸುಲಭ ಎಂಬುದನ್ನು ಮೊದಲು ನೋಡಬೇಕು. ಸರ್ಕಾರಿ ಆಸ್ಪತ್ರೆಯ ಒಪಿಡಿ ಬೆಳಿಗ್ಗೆ 9ಕ್ಕೆ ತೆರೆದು ಮಧ್ಯಾಹ್ನ 1ಕ್ಕೆ ಮುಗಿಯುತ್ತದೆ ಎಂದುಕೊಳ್ಳೋಣ. ತೆರೆಯುವಾಗ ಹಾಲ್ ಖಾಲಿ, ಮುಗಿಯುವಾಗಲೂ ಖಾಲಿ. ಇಂಥ ಕಡೆ ಲಿಟಲ್ ನಿಯಮ ಅಂದಾಜಾಗಿ ಉಳಿಯದೆ ಆ ಒಂದು ದಿನಕ್ಕೇ ಕರಾರುವಾಕ್ಕಾಗಿ ಹೊಂದುತ್ತದೆ. ಇದನ್ನು ಲಿಟಲ್ ಅವರೇ, ನಿಯಮಕ್ಕೆ 50 ವರ್ಷ ತುಂಬಿದಾಗ ಬರೆದ ಪ್ರಬಂಧದಲ್ಲಿ ಬಿಡಿಸಿ ಹೇಳಿದ್ದಾರೆ. ಆ ದಿನ 120 ಚೀಟಿ ಕೊಟ್ಟಿದ್ದಾರೆ, ಅಂದರೆ ಗಂಟೆಗೆ 30. ಒಬ್ಬ ಅಟೆಂಡರ್ ಅರ್ಧ ಗಂಟೆಗೊಮ್ಮೆ ಹಾಲಿನಲ್ಲಿರುವ ರೋಗಿಗಳ ತಲೆ ಎಣಿಸಿ ಬರೆದಿಟ್ಟ. ಸರಾಸರಿ 45 ಬಂತು. ನಲವತ್ತೈದನ್ನು ಮೂವತ್ತರಿಂದ ಭಾಗಿಸಿದರೆ ಒಂದೂವರೆ. ಆ ದಿನ ಪ್ರತಿ ರೋಗಿ ಸರಾಸರಿ ಒಂದೂವರೆ ಗಂಟೆ ಅಲ್ಲಿದ್ದ. ಯಾರನ್ನೂ ಪ್ರಶ್ನೆ ಕೇಳಲಿಲ್ಲ, ಯಾರ ಹಿಂದೆಯೂ ಗಡಿಯಾರ ಹಿಡಿದು ಓಡಾಡಲಿಲ್ಲ. ಎಣಿಸಿದ ತಲೆ, ಕೊಟ್ಟ ಚೀಟಿ ಇಷ್ಟೇ ಸಾಕಾಯಿತು.

ಅದೇ ಲೆಕ್ಕವನ್ನು ಕೋರ್ಟಿಗೂ ಹಿಡಿಯಬಹುದು. ದೇಶದ ಜಿಲ್ಲಾ ಮತ್ತು ಕೆಳಹಂತದ ನ್ಯಾಯಾಲಯಗಳಲ್ಲಿ 4 ಕೋಟಿಗೂ ಹೆಚ್ಚು ಪ್ರಕರಣ ಬಾಕಿ ಇವೆ. ಬಾಕಿ ಎಷ್ಟು, ಹೊಸದಾಗಿ ದಾಖಲಾದದ್ದೆಷ್ಟು, ವಿಲೇವಾರಿ ಎಷ್ಟು ಎಂಬುದನ್ನು ರಾಷ್ಟ್ರೀಯ ನ್ಯಾಯಾಂಗ ದತ್ತಾಂಶ ಜಾಲ ಎಲ್ಲರಿಗೂ ತೆರೆದಿಟ್ಟಿದೆ. ಈ ಪಾರದರ್ಶಕತೆಯನ್ನು ಮೆಚ್ಚಲೇಬೇಕು. ಆದರೆ ಬಾಕಿಯ ಸಂಖ್ಯೆ ಒಂದನ್ನೇ ಕೇಳಿದ ಕಕ್ಷಿದಾರನಿಗೆ ತನ್ನ ಪಾಡೇನು ಎಂಬುದು ತಿಳಿಯುವುದಿಲ್ಲ. 2,400 ಪ್ರಕರಣ ಬಾಕಿ ಇರುವ, ವರ್ಷಕ್ಕೆ 600 ಬಂದು 600 ಇತ್ಯರ್ಥವಾಗುವ ಒಂದು ನ್ಯಾಯಾಲಯವನ್ನು ಊಹಿಸಿಕೊಂಡರೆ, ಅಲ್ಲಿಗೆ ಹೋದವರಿಗೆ ಸರಾಸರಿ 4 ವರ್ಷ. ‘ಬಾಕಿ 2,400’ ಎಂಬ ಮಾತು ಆಡಳಿತಕ್ಕೆ ಸಂಬಂಧಿಸಿದ್ದು. ‘ಸರಾಸರಿ 4 ವರ್ಷ’ ಎಂಬ ಮಾತು ಜಮೀನು ವ್ಯಾಜ್ಯ ಹೂಡಿದವನ ಮಗಳ ಮದುವೆಗೆ, ಅವನ ಸಾಲಕ್ಕೆ, ಅವನ ಆಯುಸ್ಸಿಗೆ ಸಂಬಂಧಿಸಿದ್ದು.

ಕರ್ನಾಟಕ ಈ ದಿಕ್ಕಿನಲ್ಲಿ ಒಂದು ದೊಡ್ಡ ಹೆಜ್ಜೆಯನ್ನು ಮೊದಲೇ ಇಟ್ಟಿದೆ. 2011ರಲ್ಲಿ ಕಾಯ್ದೆಯಾಗಿ, 2012ರ ಏಪ್ರಿಲ್‌ನಿಂದ ರಾಜ್ಯದಾದ್ಯಂತ ಜಾರಿಗೆ ಬಂದ ಸಕಾಲ, 11 ಇಲಾಖೆಗಳ 151 ಸೇವೆಗಳೊಂದಿಗೆ ಶುರುವಾಯಿತು. ಪ್ರತಿ ಅರ್ಜಿಗೂ 15 ಅಂಕಿಯ ಒಂದು ಸಂಖ್ಯೆ. ಪ್ರತಿ ಸೇವೆಗೂ ಇಂತಿಷ್ಟೇ ದಿನ ಎಂಬ ಗಡುವು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ. ‘ಇವತ್ತು ಹೋಗಿ ನಾಳೆ ಬಾ’ ಎಂದು ಕೇಳಿಸಿಕೊಂಡು ರೂಢಿಯಾದ ಜನಕ್ಕೆ, ಕಾಯುವುದಕ್ಕೂ ಒಂದು ಮಿತಿ ಇದೆ, ಅದನ್ನು ಕೇಳುವ ಹಕ್ಕು ತನಗಿದೆ ಎಂದು ಹೇಳಿದ ಕಾಯ್ದೆ ಇದು. ಅದರ ಬೆಲೆ ದೊಡ್ಡದು.

ಲಿಟಲ್ ನಿಯಮ ಕಲಿಸುವ ಒಂದು ಪಾಠವನ್ನು ಸಕಾಲಕ್ಕೆ ಸೇರಿಸಿಕೊಂಡರೆ ಆ ಬೆಲೆ ಇನ್ನೂ ಹೆಚ್ಚುತ್ತದೆ. ಯಾವುದೇ ಸಾಲನ್ನು ಅಳೆಯುವ ಮೊದಲು ಗೆರೆ ಎಲ್ಲಿ ಎಳೆಯಬೇಕು ಎಂದು ಗಟ್ಟಿಮಾಡಿಕೊಳ್ಳಬೇಕು: ಎಲ್ಲಿಂದ ಒಳಗೆ ಬಂದಂತೆ, ಎಲ್ಲಿ ಹೊರಗೆ ಹೋದಂತೆ. ಸಕಾಲದ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಸ್ವೀಕಾರವಾಗಿ ಸಂಖ್ಯೆ ಸಿಕ್ಕ ಮೇಲೆ. ಅದಕ್ಕೂ ಮೊದಲು ಸರ್ವರ್ ಇಲ್ಲವೆಂದು ವಾಪಸು ಹೋದದ್ದು, ಒಂದು ಜೆರಾಕ್ಸ್ ಕಡಿಮೆಯಾಯಿತೆಂದು ಮತ್ತೆ ಬಂದದ್ದು, ಇವೆಲ್ಲ ಗೆರೆಯ ಹೊರಗೆ ಉಳಿಯುತ್ತವೆ. ಕಿಟಕಿಯ ಆಚೆ ಗಡುವಿನೊಳಗೆ ಕೆಲಸ ಮುಗಿದಿರುತ್ತದೆ, ಕಿಟಕಿಯ ಈಚೆ ಮನುಷ್ಯ ಎರಡು ವಾರ ಅಲೆದಿರುತ್ತಾನೆ. ಗೆರೆಯನ್ನು ಅರ್ಜಿದಾರ ಮೊದಲ ಸಲ ಬಾಗಿಲಿಗೆ ಬಂದ ದಿನಕ್ಕೆ ಸರಿಸಬೇಕು. ಬಂದವರಿಗೆಲ್ಲ, ಅರ್ಜಿ ಪೂರ್ಣವಾಗಿದ್ದರೂ ಇಲ್ಲದಿದ್ದರೂ, ದಿನಾಂಕ ಇರುವ ಒಂದು ಟೋಕನ್ ಕೊಟ್ಟರೆ ಇದು ಆಗುತ್ತದೆ.

ಇನ್ನೊಂದು ಪಾಠ ಇದಕ್ಕಿಂತ ಕಟುವಾದದ್ದು, ವಶೀಲಿಯ ಬಗ್ಗೆ. ಸಾಲಿನಲ್ಲಿ 30 ಜನ ಇದ್ದಾರೆ, ಒಬ್ಬೊಬ್ಬರಿಗೆ 4 ನಿಮಿಷದ ಕೆಲಸ. ಈಗ ಬಂದವನು ನ್ಯಾಯವಾಗಿ ಕೊನೆಯಲ್ಲಿ ನಿಂತರೆ 120 ನಿಮಿಷ ಕಾಯಬೇಕು. ಆದರೆ ಅವನು ಒಳಗಿನವರಿಗೆ ಫೋನು ಮಾಡಿಸಿ, ಪಕ್ಕದ ಬಾಗಿಲಿನಿಂದ ಹೋಗಿ ಕೂಡಲೇ ಕೆಲಸ ಮುಗಿಸಿಕೊಂಡ. ಅವನಿಗೆ ಎರಡು ಗಂಟೆ ಉಳಿಯಿತು. ಹೊರಗಿದ್ದ 30 ಜನರಿಗೂ ತಲಾ 4 ನಿಮಿಷ ಹೆಚ್ಚಾಯಿತು. ಕೂಡಿಸಿದರೆ ಅದೂ 120 ನಿಮಿಷವೇ. ಎಲ್ಲರ ಕೆಲಸಕ್ಕೂ ಹಿಡಿಯುವ ಹೊತ್ತು ಒಂದೇ ಆಗಿದ್ದಾಗ ಯಾರನ್ನು ಮೊದಲು ಕರೆದರೂ ಸಾಲಿನ ಸರಾಸರಿ ಕಾಯುವಿಕೆ ಬದಲಾಗುವುದಿಲ್ಲ ಎಂದು ಗಣಿತ ಹೇಳುತ್ತದೆ. ಅಂದಮೇಲೆ ಪ್ರಭಾವ ಬಳಸಿದವನು ಹೊಸದಾಗಿ ಹೊತ್ತು ಸೃಷ್ಟಿಸಿಕೊಳ್ಳಲಿಲ್ಲ, ಮೂವತ್ತು ಜನರ ಜೇಬಿಗೆ ಕೈಹಾಕಿ ತೆಗೆದುಕೊಂಡ. ತಲಾ ನಾಲ್ಕೇ ನಿಮಿಷವಾದ್ದರಿಂದ ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ದಿನಕ್ಕೆ ಇಂಥವರು ಹದಿನೈದು ಜನ ಬಂದರೆ, ಬೆಳಿಗ್ಗೆ ಬಂದು ತಾಳ್ಮೆಯಿಂದ ನಿಂತ ಮುದುಕಿ ಒಂದು ಗಂಟೆ ಹೆಚ್ಚಿಗೆ ನಿಂತಿರುತ್ತಾಳೆ. ತೀವ್ರ ಕಾಯಿಲೆಯವರಿಗೆ, ಬಸುರಿಯರಿಗೆ, ಅಂಗವಿಕಲರಿಗೆ ಸರದಿ ಬಿಟ್ಟುಕೊಡುವುದು ಬೇರೆ ಮಾತು. ಅದನ್ನು ಸಮಾಜ ಒಪ್ಪಿಕೊಂಡು, ಎಲ್ಲರೆದುರು ಕೊಡುತ್ತದೆ. ವಶೀಲಿ ಕೇಳದೆ ಕಿತ್ತುಕೊಳ್ಳುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದಕ್ಕೆ ಬೆಲೆಯಿದೆ. ಆಸ್ಪತ್ರೆಯಲ್ಲಿ ವೈದ್ಯರಿಲ್ಲ, ಕಚೇರಿಯಲ್ಲಿ ಸರ್ವೆಯರುಗಳಿಲ್ಲ, ನ್ಯಾಯಾಲಯಗಳಲ್ಲಿ ಹುದ್ದೆಗಳು ಖಾಲಿ. ಜನವೇ ಇಲ್ಲದಿರುವಾಗ ಸಮೀಕರಣ ಏನು ಮಾಡೀತು? ಇರುವ ಸಿಬ್ಬಂದಿಯ ಮೇಲೆ ಇನ್ನೊಂದು ರಿಜಿಸ್ಟರ್ ಹೊರಿಸಿದಂತಾಗುತ್ತದೆ, ಅಷ್ಟೇ ಅಲ್ಲವೇ?

ಉತ್ತರ ಸರದಿ ಶಾಸ್ತ್ರದಲ್ಲೇ ಇದೆ. ಒಬ್ಬ ಗುಮಾಸ್ತರಿಗೆ ಒಂದು ಅರ್ಜಿಗೆ ಸರಾಸರಿ 5 ನಿಮಿಷ ಬೇಕು, ಅಂದರೆ ಗಂಟೆಗೆ 12 ಅರ್ಜಿ ಅವರ ಶಕ್ತಿ. ಜನ ಯಾವಾಗೆಂದರೆ ಆವಾಗ ಬರುತ್ತಾರೆ, ಕೆಲಸವೂ ಒಮ್ಮೆ ಬೇಗ ಒಮ್ಮೆ ನಿಧಾನ. ಅವರ ಶಕ್ತಿಯ ನೂರಕ್ಕೆ 80ರಷ್ಟು ಜನ ಬಂದಾಗ, ಸಾಮಾನ್ಯವಾಗಿ ಬಳಸುವ ಎರ್ಲಾಂಗ್ ಮಾದರಿಯ ಪ್ರಕಾರ ಒಬ್ಬ ಅರ್ಜಿದಾರ ಅಲ್ಲಿ ಕಳೆಯುವ ಸಮಯ ಸರಾಸರಿ 25 ನಿಮಿಷ. 90ಕ್ಕೆ ಏರಿದರೆ 50 ನಿಮಿಷ. 95ಕ್ಕೆ ಏರಿದರೆ 100 ನಿಮಿಷ. ಕೆಲಸ ಐದನೆಯ ಒಂದು ಭಾಗವೂ ಹೆಚ್ಚಿಲ್ಲ, ಅಲ್ಲಿ ಕಳೆಯುವ ಹೊತ್ತು ನಾಲ್ಕು ಪಟ್ಟಾಯಿತು. ಗುಮಾಸ್ತರನ್ನು ಒಂದು ನಿಮಿಷವೂ ಬಿಡುವಿಲ್ಲದಂತೆ ದುಡಿಸಿದರೆ ದಕ್ಷತೆ ಬರುತ್ತದೆ ಎಂದುಕೊಂಡ ಮೇಲಧಿಕಾರಿ ನಿಜವಾಗಿ ಸಾಲನ್ನೇ ಬೆಳೆಸುತ್ತಿರುತ್ತಾನೆ. ಜನ ಕಿಟಕಿಯ ಒಳಗಿನವರ ಮೇಲೆ ಕೂಗಾಡುತ್ತಾರೆ, ಒಳಗಿನವರು ಜನರ ಮೇಲೆ ಸಿಡುಕುತ್ತಾರೆ, ಇಬ್ಬರದೂ ತಪ್ಪಿಲ್ಲ. ಅಲ್ಲಿ ಇನ್ನೊಬ್ಬ ಸಿಬ್ಬಂದಿ ಬೇಕಿತ್ತು ಎಂಬುದಕ್ಕೆ ಆ 100 ನಿಮಿಷವೇ ಸಾಕ್ಷಿ. ಕಾಯುವ ಹೊತ್ತನ್ನು ಅಳೆದಿಟ್ಟರೆ ಹುದ್ದೆ ತುಂಬಿ ಎಂಬ ಬೇಡಿಕೆಗೆ ಹಣಕಾಸು ಇಲಾಖೆಯ ಎದುರು ಗಟ್ಟಿ ಆಧಾರ ಸಿಗುತ್ತದೆ. ಅಳತೆ ಸಿಬ್ಬಂದಿಯ ವಿರುದ್ಧ ಹೂಡಿದ ಅಸ್ತ್ರ ಆಗಬೇಕಿಲ್ಲ. ಅವರ ಪರವಾಗಿ ಮಾತನಾಡುವ ಮೊದಲ ದಾಖಲೆ ಅದೇ ಆದೀತು.

ನಿಯಮಕ್ಕೂ ಮಿತಿಗಳಿವೆ, ಅವನ್ನು ಮರೆತು ಬಳಸಿದರೆ ಕೇಡು. ಅದು ಸರಾಸರಿಯನ್ನಷ್ಟೇ ಹೇಳುತ್ತದೆ. ಸರಾಸರಿ ಹನ್ನೆರಡೂವರೆ ಬಾಣಂತಿಯರು ಎಂದು ಹದಿಮೂರೇ ಹಾಸಿಗೆ ಹಾಕಿದರೆ ಹದಿನಾರು ಜನ ಬಂದ ರಾತ್ರಿ ಮೂವರು ನೆಲದ ಮೇಲೆ. ಸರಾಸರಿ 4 ವರ್ಷ ಎನ್ನುವ ಕೋರ್ಟಿನಲ್ಲಿ ಹತ್ತು ತಿಂಗಳಲ್ಲಿ ಮುಗಿದದ್ದೂ ಇರುತ್ತದೆ, ಇಪ್ಪತ್ತು ವರ್ಷ ಎಳೆದದ್ದೂ ಇರುತ್ತದೆ. ಆದ್ದರಿಂದ ಅತಿ ಹಳೆಯ ಬಾಕಿ ಯಾವ ವರ್ಷದ್ದು ಎಂಬುದನ್ನೂ ಸರಾಸರಿಯ ಪಕ್ಕದಲ್ಲೇ ಬರೆಯಬೇಕು. ವರ್ಷಕ್ಕೆ 700 ಪ್ರಕರಣ ಬಂದು 600 ಮಾತ್ರ ಮುಗಿಯುತ್ತಿದ್ದರೆ ಸರಾಸರಿ ಸ್ಥಿರವಾಗಿಯೇ ಇರುವುದಿಲ್ಲ, ನಾಳೆ ಬರುವವನಿಗೆ ಇವತ್ತಿನವನಿಗಿಂತ ಹೆಚ್ಚು ಕಾದಿದೆ. ಇನ್ನೊಂದು ಅಪಾಯ, ಅಂಕಿಯನ್ನು ಚೆಂದ ಮಾಡುವ ಆಸೆ. ಬಾಕಿ ಇಳಿಸಲು ಎರಡು ದಾರಿ: ಬೇಗ ಮುಗಿಸುವುದು, ಇಲ್ಲವೇ ಬಂದವರನ್ನು ಒಳಗೆ ಬಿಡದಿರುವುದು. ಗುರಿ ಬಾಕಿಯೊಂದೇ ಆದರೆ ಎರಡನೆಯ ದಾರಿಯೇ ಸಲೀಸು. ತಿರಸ್ಕೃತ ಅರ್ಜಿಗಳ ಲೆಕ್ಕವನ್ನು ವಿಲೇವಾರಿಯಿಂದ ಬೇರೆ ಮಾಡಿ ತೋರಿಸದಿದ್ದರೆ ಎಂಥ ಒಳ್ಳೆಯ ಸಮೀಕರಣವೂ ಮುಖವಾಡವಾಗುತ್ತದೆ.

ಬೆಂಗಳೂರಿನಲ್ಲಿ 1973ರಿಂದ ಐಐಎಂ ಇದೆ. ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ, ಎಂಬಿಎ ತರಗತಿಗಳಲ್ಲಿ ಆಪರೇಷನ್ಸ್ ರಿಸರ್ಚ್ ಪಾಠವಿದೆ. ಸರದಿ ಸಾಲಿನ ಸೂತ್ರಗಳನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆಯುವ ಹುಡುಗ ಹುಡುಗಿಯರು ಕಡಿಮೆಯೇನಲ್ಲ. ಆದರೆ ಲಿಟಲ್ ಅವರ ಜೀವನ ನೋಡಿದರೆ, ಅವರು ಹೆಚ್ಚಿನ ಸಮಸ್ಯೆಗಳನ್ನು ಪಠ್ಯದ ಕೊನೆಯ ಅಭ್ಯಾಸದಿಂದ ಎತ್ತಿಕೊಳ್ಳಲಿಲ್ಲ. ಅಣೆಕಟ್ಟೆಯ ನೀರು, ರಸ್ತೆಯ ಸಿಗ್ನಲ್, ಅಂಗಡಿಯ ಕಾಫಿಪುಡಿ ಇವು ಅವರ ಸಾಮಗ್ರಿ. ಭೌತವಿಜ್ಞಾನಿ ಮಾರುಕಟ್ಟೆಗೆ ಹೋಗಬಾರದು ಎಂಬ ಬೇಲಿಯನ್ನು ಅವರು ಲೆಕ್ಕಿಸಲಿಲ್ಲ. ಇಲ್ಲಿನ ವಿದ್ಯಾರ್ಥಿಗಳ ಕೊನೆಯ ವರ್ಷದ ಪ್ರಾಜೆಕ್ಟ್ ಊರಿನ ತಾಲ್ಲೂಕು ಕಚೇರಿಯೇ ಯಾಕಾಗಬಾರದು? ಪೋಡಿ ಅರ್ಜಿ ಸರ್ವೆಯರ್ ಕೈಯಲ್ಲಿ ಎಷ್ಟು ದಿನ, ತಪಾಸಣೆಯಲ್ಲಿ ಎಷ್ಟು ದಿನ, ಸಹಿಗೆಂದು ಮೇಜಿನ ಮೇಲೆ ಎಷ್ಟು ದಿನ ಇರುತ್ತದೆ ಎಂದು ಬಿಡಿಸಿ ತೋರಿಸುವ ವರದಿ, ಹಿಂದಿನ ವರ್ಷದವರದನ್ನು ನಕಲು ಮಾಡಿ ಬೈಂಡ್ ಹಾಕಿಸಿದ ಪುಸ್ತಕಕ್ಕಿಂತ ನೂರು ಪಾಲು ಮೇಲು.

ಸರ್ಕಾರ ಮಾಡಬೇಕಾದ್ದು ಹೆಚ್ಚಿಲ್ಲ. ಜಿಲ್ಲಾ ಆಸ್ಪತ್ರೆ, ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿಗಳ ಬಾಗಿಲಲ್ಲಿ ಒಂದು ಹಲಗೆ ಇರಲಿ. ಕಳೆದ ವಾರ ಬಂದವರೆಷ್ಟು, ಕೆಲಸ ಮುಗಿಸಿಕೊಂಡು ಹೋದವರೆಷ್ಟು, ತಿರಸ್ಕೃತವಾದದ್ದೆಷ್ಟು, ಇನ್ನೂ ಬಾಕಿ ಎಷ್ಟು, ಸರಾಸರಿ ಎಷ್ಟು ಹೊತ್ತು ಅಥವಾ ಎಷ್ಟು ದಿನ ಕಾಯಬೇಕಾಯಿತು, ಅತಿ ಹಳೆಯ ಅರ್ಜಿ ಯಾವ ತಾರೀಕಿನದು ಎಂಬ ಆರು ಸಾಲುಗಳು ಕನ್ನಡದಲ್ಲಿ, ದೂರದಿಂದ ಓದುವಷ್ಟು ದೊಡ್ಡ ಅಕ್ಷರದಲ್ಲಿ. ಪ್ರತಿ ಸೋಮವಾರ ಅವು ಬದಲಾಗಲಿ. ಎಣಿಕೆ ಸರಿಯಿದೆಯೇ ಎಂದು ತಿಂಗಳಿಗೊಮ್ಮೆ ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳು ಬಂದು ತಲೆ ಎಣಿಸಿ ಪರಿಶೀಲಿಸಲಿ. ಒಂದು ಜಿಲ್ಲೆಯಲ್ಲಿ ಆರು ತಿಂಗಳು ನಡೆಸಿ ನೋಡಿದರೆ ಯಾವ ಮೇಜಿನ ಮುಂದೆ ಸಾಲು ಬೆಳೆಯುತ್ತಿದೆ, ಎಲ್ಲಿ ಒಬ್ಬರನ್ನು ಹೆಚ್ಚಿಗೆ ಕೂರಿಸಬೇಕು ಎಂಬುದು ಕಣ್ಣಿಗೆ ಬೀಳುತ್ತದೆ, ಮುಂದಿನ ಬಜೆಟ್ಟಿಗೆ ಹುದ್ದೆ ಕೇಳುವ ಜಿಲ್ಲಾಧಿಕಾರಿ ಆ ಅಂಕಿಗಳನ್ನೇ ಹಿಡಿದುಕೊಂಡು ವಿಧಾನಸೌಧಕ್ಕೆ ಹೋಗಬಹುದು.